ಮಗುವಿನ ತೊಡೆಯ ಮಡಿಕೆಯೂ ತಾಯಿಯ ಹಳೆಯ ಭಯವೂ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಐದು ತಿಂಗಳ ಹೆಣ್ಣುಮಗುವಿನ ತಾಯಿಯನ್ನು ಮಕ್ಕಳ ವೈದ್ಯರು ನನ್ನ ಬಳಿ ಕಳುಹಿಸಿದ್ದರು. ಎದೆಹಾಲು ಸಾಲದೆ ಪುಡಿಹಾಲನ್ನೂ ಕೊಡುತ್ತಿದ್ದ ಅವರು ನಾಲ್ಕು ಚಮಚ ಪುಡಿ ಹಾಕಬೇಕಾದ ನೀರಿಗೆ ಮೂರೇ ಹಾಕುತ್ತಿದ್ದರು. ಕಾರಣ ಕೇಳಿದಾಗ ಮಗುವಿನ ತೊಡೆಯ ಮಡಿಕೆಯನ್ನು ಬೆರಳಿನಿಂದ ಬಿಡಿಸಿ ತೋರಿಸಿದರು. "ಶಾಲೆಯಲ್ಲಿ ನನ್ನನ್ನು ಡುಮ್ಮಿ ಎಂದೇ ಕರೆಯುತ್ತಿದ್ದರು ಮೇಡಂ. ಇವಳಿಗೆ ಆ ಪಾಡು ಬೇಡ."

ಮೊದಲು ಹಾಲಿನ ವಿಷಯ ಇತ್ಯರ್ಥವಾಗಬೇಕಿತ್ತು. ನೀರು ಹೆಚ್ಚಾದ ಹಾಲು ಮಗುವಿನ ರಕ್ತದಲ್ಲಿ ಸೋಡಿಯಂ ಇಳಿಸಿ ಫಿಟ್ಸ್ ತರಬಲ್ಲದು. ಅಂದಿನಿಂದಲೇ ಡಬ್ಬಿಯ ಮೇಲಿನ ಅಳತೆಯಂತೆ ಕಲಸಬೇಕೆಂದು ಖಡಾಖಂಡಿತವಾಗಿ ಹೇಳಿದೆ.

ಆಮೇಲೆ ಕೊಬ್ಬಿನ ಮಾತು. ಹುಟ್ಟುವಾಗ ಮಗುವಿನ ತೂಕದಲ್ಲಿ ಕೊಬ್ಬಿನ ಪಾಲು ಸುಮಾರು ಶೇ 10ರಿಂದ 15. ಐದಾರು ತಿಂಗಳ ಹೊತ್ತಿಗೆ ಅದು ಶೇ 25ರ ಆಸುಪಾಸಿಗೆ ಏರುತ್ತದೆ. ಇದು ರೋಗವಲ್ಲ, ಬೆಳವಣಿಗೆಯ ಕ್ರಮ. ಈ ವಯಸ್ಸಿನಲ್ಲಿ ದೇಹ ವಿಶ್ರಾಂತಿಯಲ್ಲಿ ಬಳಸುವ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಮಿದುಳೇ ತಿನ್ನುತ್ತದೆ. ಕಾಯಿಲೆ ಬಂದು ಹಾಲು ಬಿಟ್ಟ ದಿನಗಳಿಗೆ ಕೊಬ್ಬೇ ಉಗ್ರಾಣ. ಎತ್ತರಕ್ಕೆ ಹೋಲಿಸಿದ ತೂಕ ಮೊದಲ ವರ್ಷದೊಳಗೆ ಶಿಖರ ಮುಟ್ಟಿ, ಅಂಬೆಗಾಲು, ನಡಿಗೆ ಶುರುವಾದಂತೆ ಇಳಿಯುತ್ತಾ ಹೋಗಿ, ಐದಾರು ವರ್ಷಕ್ಕೆ ತೀರಾ ಕಡಿಮೆಯಾಗಿ, ಮತ್ತೆ ಏರುತ್ತದೆ. ಆ ಎರಡನೆಯ ಏರಿಕೆ ಬಹಳ ಬೇಗ ಶುರುವಾದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಸಾಧ್ಯತೆ ಹೆಚ್ಚು.

"ಹಾಗಾದರೆ ಈಗ ಏನನ್ನೂ ನೋಡುವುದು ಬೇಡವೇ?" ಎಂದರು. ನೋಡಬೇಕು, ಆದರೆ ತೊಡೆಯನ್ನಲ್ಲ, ವಯಸ್ಸಿಗೆ ತಕ್ಕಂತೆ ತೂಕ, ಉದ್ದವನ್ನು ಗುರುತಿಸುವ ಬೆಳವಣಿಗೆಯ ನಕ್ಷೆಯನ್ನು. ಅವರ ಮಗುವಿನ ಗೆರೆ ಹುಟ್ಟಿದಾಗಿನಿಂದ ನಕ್ಷೆಯ ಒಂದೇ ಪಟ್ಟಿಯ (ಅಚ್ಚಾದ ಎರಡು ಗೆರೆಗಳ ನಡುವಿನ ಜಾಗ) ಗುಂಟ ಸಾಗಿತ್ತು. ಮೊದಲೆರಡು ವರ್ಷಗಳಲ್ಲಿ ತೂಕದ ಗೆರೆ ಉದ್ದದ ಗೆರೆಯನ್ನು ಹಿಂದೆ ಹಾಕಿ ಪಟ್ಟಿಗಳನ್ನು ದಾಟುತ್ತಾ ಮೇಲೇರಿದರೆ ವೈದ್ಯರೊಡನೆ ಮಾತಾಡಬೇಕು. ಆಗಲೂ ಅದು ಸಾಧ್ಯತೆಯ ಮಾತು, ಹಣೆಬರಹವಲ್ಲ. ಹೆತ್ತವರ ಮೈಕಟ್ಟಿನ ಪ್ರಭಾವ ಇದ್ದೇ ಇದೆ, ಅದನ್ನು ಮುಚ್ಚಿಡಲಿಲ್ಲ.

ಮಾಡಬಹುದಾದದ್ದನ್ನೂ ಹೇಳಿದೆ. ಮಗು ಬಾಯಿ ತೆರೆದು ಹುಡುಕಿದರೆ ಕೊಡಿ. ಮುಖ ತಿರುಗಿಸಿದರೆ ಬಾಟಲಿ ಖಾಲಿಯಾಗಲಿ ಎಂದು ಒತ್ತಾಯಿಸಬೇಡಿ. ಪ್ರತಿ ಅಳುವೂ ಹಸಿವಲ್ಲ, ಮೊದಲು ಎತ್ತಿಕೊಂಡು ನೋಡಿ. ಆರು ತಿಂಗಳು ತುಂಬಿದ ಮೇಲೆ ಮೇಲು ಆಹಾರ ಶುರುವಾಗಲಿ, ಎರಡು ವರ್ಷದವರೆಗೆ ಸಕ್ಕರೆ ಬೆರೆಸುವುದು ಬೇಡ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರೇ ನೆಲದ ಮೇಲೆ ಬೋರಲು ಮಲಗಿಸಿ ಆಡಲು ಬಿಡಿ.

ಮುಂದಿನ ಭೇಟಿಗಳನ್ನು ತಾಯಿಗಾಗಿಯೇ ಮೀಸಲಿಟ್ಟೆವು. ಶಾಲೆಯ ಆ ಹೆಸರಿನ ಬಗ್ಗೆ ಅವರು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ಅಳತೆಯಂತೆ ಹಾಲು ಕಲಸಲು ಶುರುಮಾಡಿದ್ದರು. ಮನೆಯಲ್ಲಿ ದಿನಾ ಮಗುವಿನ ತೂಕ ನೋಡುವುದನ್ನು ಬಿಡಲು ಮಾತ್ರ ಇನ್ನಷ್ಟು ಸಮಯ ಹಿಡಿಯಿತು.