ಆಗಸ್ಟ್ ಬಂದರೂ ಕೆಂಪಾಗದ ಟೊಮೆಟೊ

ಚಳ್ಳಕೆರೆಯಿಂದ ಈ ವರ್ಷವಷ್ಟೇ ಸಿಯಾಟಲ್‌ಗೆ ಬಂದ ನೀವು ಕೇಳಿದ್ದೀರಿ: ಹಿತ್ತಲಲ್ಲಿ ಟೊಮೆಟೊ ಎದೆಮಟ್ಟ ಬೆಳೆದಿದೆ, ಹೂವು ಉದುರುತ್ತಿದೆ, ಆಗಸ್ಟ್ ಅರ್ಧ ಕಳೆದರೂ ಕಾಯಿ ಹಸಿರಾಗೇ ಇದೆ, ಇಲ್ಲಿ ಎಲ್ಲವೂ ಹೀಗೇ ನಿಧಾನವಾ ಅಂತ.

ಎಲ್ಲವೂ ಅಲ್ಲ. ಬಾಡಿಗೆ, ಬಿಲ್ಲು ಎಲ್ಲ ಸರಿಯಾದ ಹೊತ್ತಿಗೇ ಬರುತ್ತವೆ. ಟೊಮೆಟೊ ಮಾತ್ರ ಬರಲ್ಲ, ಅದರಲ್ಲೂ ಇಂಥ ತಣ್ಣಗಿನ ಬೇಸಿಗೆಯಲ್ಲಿ.

ನಾನು ದಾವಣಗೆರೆಯವನು. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು ತಾಳದೆ ಹೂವು ಉದುರುತ್ತದೆ. ಇಲ್ಲಿ ಉದುರುವುದು ಚಳಿಗೆ. ರಾತ್ರಿ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದಲ್ಲ, ಅದನ್ನು ನೋಡಿ ನಾವು ಮೋಸಹೋಗುತ್ತೇವೆ. ಬೆಳಕಿದೆ, ಕಾವಿಲ್ಲ. ಬೇಗ ಬರಲಿ ಅಂತ ಯೂರಿಯಾ ಸುರಿಯಬೇಡಿ, ಸುಮ್ನೆ ಎಲೆ ಜಾಸ್ತಿಯಾಗುತ್ತದೆ.

ಕಾಯಿ ಕಚ್ಚಿದ ಮೇಲೆ ಹಣ್ಣಾಗಲು ಒಂದೂವರೆ ಎರಡು ತಿಂಗಳು ಬೇಕು. ಈಗ ಬಿಡುವ ಹೂವು ಹಣ್ಣಾಗುವಷ್ಟರಲ್ಲಿ ಅಕ್ಟೋಬರ್ ಮಳೆ ಹಿಡಿದಿರುತ್ತದೆ. ಹಾಗಾಗಿ ಕುಡಿ ಚಿವುಟಿ, ಹೊಸ ಹೂವು ತೆಗೆಯಿರಿ, ನೀರು ಕಡಿಮೆ ಮಾಡಿ. ಇರುವ ಕಾಯಿಗೆ ಶಕ್ತಿ ಹೋಗಲಿ.

ಗಿಡದಲ್ಲೇ ಕೆಂಪಾಗಲಿ ಅನ್ನುವ ಹಟವನ್ನೂ ಬಿಡಿ. ಕಾಯಿಯ ತಳದಲ್ಲಿ ಸ್ವಲ್ಪ ಬಣ್ಣ ತಿರುಗಿದರೆ ಸಾಕು, ಕಿತ್ತು ಒಳಗೆ ತನ್ನಿ. ಮಾವಿನಕಾಯಿ ಅಡೆ ಹಾಕುತ್ತೇವಲ್ಲ, ಹಾಗೇ. ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಡಿ. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲವೇ ಹಣ್ಣು ಮಾಡುತ್ತದೆ. ಇದಕ್ಕೆ ಬಿಸಿಲು ಬೇಡ, 20 ಡಿಗ್ರಿಯಷ್ಟು ಬೆಚ್ಚಗಿದ್ದರೆ ಸಾಕು. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ರುಚಿ ಪೂರ್ತಿ ಊರಿನದ್ದಾಗಲ್ಲ, ಅಂಗಡಿಯದ್ದಕ್ಕಿಂತ ವಾಸಿ.

ಎಲೆ ಮೇಲೆ ಕಂದು ಕಲೆ ಕಂಡರೆ ಕಾಯಬೇಡಿ. ತಂಪು, ತೇವ ಎರಡೂ ಸೇರಿದರೆ ಅಂಗಮಾರಿ ರೋಗ ಕೆಲವೇ ದಿನದಲ್ಲಿ ಇಡೀ ಗಿಡ ಮುಗಿಸುತ್ತದೆ. ಊರಲ್ಲಾಗಿದ್ದರೆ ಹಿರಿಯೂರಿನ ಬಬ್ಬೂರು ಫಾರಂ ಕೃಷಿ ಕೇಂದ್ರಕ್ಕೆ ಹೋಗಿ ಕೇಳುತ್ತಿದ್ದಿರಿ, ಅಲ್ವಾ? ಇಲ್ಲಿ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಮಾಸ್ಟರ್ ಗಾರ್ಡನರ್ ಸ್ವಯಂಸೇವಕರಿದ್ದಾರೆ. 1973ರಲ್ಲಿ ಇದೇ ರಾಜ್ಯದಲ್ಲಿ ಶುರುವಾದ ಯೋಜನೆ ಅದು. ಕಲೆ ಬಿದ್ದ ಎಲೆ ತೋರಿಸಿದರೆ ದುಡ್ಡಿಲ್ಲದೆ ಹೇಳುತ್ತಾರೆ. ಹೊಸಬರಿಗೆ ನಾಲ್ಕು ಜನರ ಪರಿಚಯವೂ ಆಗುತ್ತದೆ. ಆಫೀಸಿನ ಆಚೆ ಮಾತಾಡಲು ಇಲ್ಲಿ ಇಂಥ ನೆಪ ಬೇಕೇ ಬೇಕು.

ಮುಂದಿನ ವರ್ಷ ದೊಡ್ಡ ಹಣ್ಣಿನ ಆಸೆ ಬಿಡಿ. ಸನ್‌ಗೋಲ್ಡ್ ಥರದ ಸಣ್ಣ ಹಣ್ಣು ಹಾಕಿ. ಇಲ್ಲವೇ ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಸಿಲೆಟ್ಜ್, ಲೆಜೆಂಡ್ ತಳಿ. ಪರಾಗ ಕೈಕೊಟ್ಟರೂ ಅವು ಕಾಯಿ ಕಚ್ಚುತ್ತವೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಪಕ್ಕ ನೆಡಿ, ಹಗಲ ಕಾವು ರಾತ್ರಿಗೂ ಸ್ವಲ್ಪ ಉಳಿಯುತ್ತದೆ.

ಬಣ್ಣವೇ ತಿರುಗದ ಕಾಯಿ ಉಳಿದರೆ ಶೇಂಗಾ, ಹಸಿಮೆಣಸು ಹುರಿದು ಚಟ್ನಿ ರುಬ್ಬಿ. ಹುಣಸೆ ಹಾಕಬೇಡಿ, ಕಾಯಿಯದ್ದೇ ಹುಳಿ ಸಾಕು. ಜೊತೆಗೆ ರೊಟ್ಟಿಗೆ ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ.