ಸಿಆರ್‌ಪಿ 4.8 ಇದ್ದದ್ದು 31 ಆಗಿದೆ ಎಂದರೆ ಸೋಂಕು ಹೆಚ್ಚಾಗಿದೆಯೇ?

ಹೊಳಲ್ಕೆರೆಯಲ್ಲಿರುವ ನಿಮ್ಮ ತಂದೆಯವರಿಗೆ ನ್ಯುಮೋನಿಯಾ ಎಂದು ಚಿಕಿತ್ಸೆ ಆರಂಭಿಸಿದ ದಿನ ಚಿತ್ರದುರ್ಗದ ಲ್ಯಾಬಿನಲ್ಲಿ ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್) 4.8 ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಇತ್ತು, ಮೂರು ದಿನಗಳ ನಂತರ ದಾವಣಗೆರೆಯಲ್ಲಿ ಮಾಡಿಸಿದಾಗ 31 ಮಿಲಿಗ್ರಾಂ ಪ್ರತಿ ಲೀಟರ್ ಬಂದಿದೆ, ಹಾಗಾದರೆ ಆ್ಯಂಟಿಬಯೋಟಿಕ್ ಕೆಲಸ ಮಾಡುತ್ತಿಲ್ಲವೇ ಎಂದು ಕೇಳಿದ್ದೀರಿ. ನಾನು ದಾವಣಗೆರೆಯ ಲ್ಯಾಬೊಂದರಲ್ಲಿ ಇಂಥ ಪರೀಕ್ಷೆಗಳನ್ನು ಮಾಡುವವನೇ ಹೊರತು ವೈದ್ಯನಲ್ಲ. ಆದ್ದರಿಂದ ಈ ಸಂಖ್ಯೆಗಳ ಬಗ್ಗೆಯಷ್ಟೇ ಹೇಳುತ್ತೇನೆ.

ಒಂದು ಲೀಟರಿಗೆ ಹತ್ತು ಡೆಸಿಲೀಟರ್. ಎರಡನ್ನೂ ಒಂದೇ ಅಳತೆಗೆ ತಂದರೆ ಮೊದಲನೆಯದು 48, ಎರಡನೆಯದು 31. ಅಂದರೆ ಪ್ರಮಾಣ ಏರಿಲ್ಲ, ಇಳಿದಿದೆ. ಎರಡು ಊರಿನ ರಿಪೋರ್ಟುಗಳನ್ನು ಒಟ್ಟಿಗೆ ತರುವವರಲ್ಲಿ ಈ ಗೊಂದಲ ಸಾಮಾನ್ಯ; ಸಂಖ್ಯೆಯನ್ನು ದಪ್ಪಕ್ಷರದಲ್ಲಿಯೂ ಅಳತೆಯನ್ನು ಮೂಲೆಯಲ್ಲಿ ಸಣ್ಣದಾಗಿಯೂ ಮುದ್ರಿಸುವ ನಮ್ಮ ಪದ್ಧತಿಯೇ ಇದಕ್ಕೆ ಕಾರಣವೆಂಬುದು ನನ್ನ ಅಭಿಪ್ರಾಯ.

ಆದರೆ ಈ ಇಳಿಕೆಯನ್ನು ಎಷ್ಟು ನಂಬಬಹುದು ಎಂಬುದೂ ಮುಖ್ಯ. ದೇಹದಲ್ಲಿ ಉರಿಯೂತ ಉಂಟಾದಾಗ ಹೊರಡುವ ಇಂಟರ್‌ಲ್ಯೂಕಿನ್-6 ಎಂಬ ಸಂಕೇತಕ್ಕೆ ಓಗೊಟ್ಟು ಯಕೃತ್ತು ಈ ಪ್ರೋಟೀನನ್ನು ತಯಾರಿಸುತ್ತದೆ. ಕೆಲವೇ ಗಂಟೆಗಳಲ್ಲಿ ಏರಲಾರಂಭಿಸುವ ಅದು ಸುಮಾರು 48 ಗಂಟೆಗಳ ಹೊತ್ತಿಗೆ ತುದಿ ಮುಟ್ಟುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯುವ ಅವಧಿ, ಸುಮಾರು 19 ಗಂಟೆ, ಮತ್ತು ಕಾಯಿಲೆ ಯಾವುದೇ ಇದ್ದರೂ ಈ ಅವಧಿ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ತಯಾರಿಕೆ ಪೂರ್ತಿ ನಿಂತಿದ್ದರೆ 48 ಇದ್ದದ್ದು ಎರಡು ದಿನಗಳೊಳಗೆ 12ಕ್ಕಿಂತ ಕೆಳಗೆ ಹೋಗಬೇಕಿತ್ತು. 31 ಎಂದರೆ ಯಕೃತ್ತು ಇನ್ನೂ ಅದನ್ನು ತಯಾರಿಸುತ್ತಿದೆ, ಉರಿಯೂತ ಮುಗಿದಿಲ್ಲ ಎಂದರ್ಥ. ಮೊದಲ ರಕ್ತವನ್ನು ಚಿಕಿತ್ಸೆಯ ಆರಂಭದಲ್ಲಿಯೇ ತೆಗೆದಿದ್ದರಿಂದ, ಆಮೇಲೆ ಪ್ರಮಾಣ 48ನ್ನೂ ಮೀರಿ ಏರಿ ನಂತರ 31ಕ್ಕೆ ಇಳಿದಿರುವ ಸಾಧ್ಯತೆಯೂ ಉಂಟು. ಹಾಗಿದ್ದಲ್ಲಿ ಸುಧಾರಣೆ ಕಾಗದದಲ್ಲಿ ಕಾಣುವುದಕ್ಕಿಂತ ಹೆಚ್ಚೇ ಆಗಿದೆ.

ಈ ಪ್ರೋಟೀನನ್ನು 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬುವರು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿಯೇ. ಹಾಗೆಂದು ಇದು ನ್ಯುಮೋನಿಯಾದ ಪರೀಕ್ಷೆಯಲ್ಲ. ಶಸ್ತ್ರಚಿಕಿತ್ಸೆ, ಪೆಟ್ಟು, ಹೃದಯಾಘಾತ, ಆಮವಾತ ಎಲ್ಲದರಲ್ಲಿಯೂ ಏರುತ್ತದೆ. ಹೃದಯದ ಅಪಾಯವನ್ನು ಅಂದಾಜಿಸಲು ಬಳಸುವ ಎಚ್‌ಎಸ್-ಸಿಆರ್‌ಪಿಯ (ಇದೇ ಪ್ರೋಟೀನಿನ ಅತಿ ಕಡಿಮೆ ಪ್ರಮಾಣವನ್ನೂ ಅಳೆಯುವ ಪರೀಕ್ಷೆ) 1 ಮತ್ತು 3ರ ಗಡಿಗಳನ್ನು ಸೋಂಕಿನ ಸಮಯದ ಸಂಖ್ಯೆಗೆ ಹೋಲಿಸಬೇಡಿ. ಇಎಸ್‌ಆರ್ (ಉರಿಯೂತವನ್ನು ಸೂಚಿಸುವ ಇನ್ನೊಂದು ರಕ್ತಪರೀಕ್ಷೆ) ಇನ್ನೂ ಹೆಚ್ಚಿದೆ ಎಂದು ಯಾರಾದರೂ ಹೆದರಿಸಿದರೆ, ಅದು ಇಳಿಯಲು ವಾರಗಳೇ ಹಿಡಿಯುತ್ತವೆ, ರಕ್ತಹೀನತೆ ಮತ್ತು ವಯಸ್ಸಿನಿಂದಲೂ ಏರುತ್ತದೆ ಎಂಬುದು ನೆನಪಿರಲಿ.

ಮುಂದಿನ ಪರೀಕ್ಷೆಯನ್ನು ಎರಡನೆಯ ಲ್ಯಾಬಿನಲ್ಲಿಯೇ ಮಾಡಿಸಿ, ಏಕೆಂದರೆ ಪರೀಕ್ಷಾ ವಿಧಾನ ಬದಲಾದರೂ ಸಂಖ್ಯೆ ಸ್ವಲ್ಪ ಬದಲಾಗುತ್ತದೆ. ಎರಡೂ ರಿಪೋರ್ಟುಗಳನ್ನು ವೈದ್ಯರಿಗೆ ತೋರಿಸಿ. ಜ್ವರ ಮರುಕಳಿಸಿದರೆ ಅಥವಾ ಉಸಿರಾಟ ಕಷ್ಟವಾದರೆ ಮತ್ತೊಂದು ಸಿಆರ್‌ಪಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಂಖ್ಯೆ ಇಳಿಯಿತೆಂದು ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.