ಟಿಬಿಲಿಸಿನಾ, ಕಜಾನಾ?

ಪ್ರಶ್ನೆ: ಮಗಳು ನೀಟ್ ಕ್ವಾಲಿಫೈ ಆಗಿದಾಳೆ, ಸರ್ಕಾರಿ ಸೀಟು ಬರೋ ರ‍್ಯಾಂಕ್ ಅಲ್ಲ. ಇಲ್ಲಿ ಮ್ಯಾನೇಜ್‌ಮೆಂಟ್ ಸೀಟು ನಮ್ಮ ಕೈಲಾಗಲ್ಲ. ಏಜೆಂಟು ಜಾರ್ಜಿಯಾದ ಟಿಬಿಲಿಸಿ, ಇಲ್ಲಾ ರಷ್ಯಾದ ಕಜಾನ್ ಅಂತಾರೆ. ಯಾವ್ದು ಒಳ್ಳೇದು?
- ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನೋಡ್ರಿ, ಊರು ಯಾವ್ದು ಅನ್ನೋದು ಆಮೇಲೆ, ಮೊದ್ಲು ಎನ್‌ಎಂಸಿ (ವೈದ್ಯಕೀಯ ಶಿಕ್ಷಣ ನೋಡ್ಕೊಳ್ಳೋ ರಾಷ್ಟ್ರೀಯ ವೈದ್ಯಕೀಯ ಆಯೋಗ) 2021ರಲ್ಲಿ ಮಾಡಿರೋ ನಿಯಮ ಹಿಡ್ಕೊಂಡು ಕೂರಿ. ಕೋರ್ಸ್ ಕನಿಷ್ಠ 54 ತಿಂಗಳು ಇರ್ಬೇಕು, ಅದೇ ಯೂನಿವರ್ಸಿಟಿಲಿ 12 ತಿಂಗಳ ಇಂಟರ್ನ್‌ಶಿಪ್ ಬೇರೆ, ಪಾಠ ಇಂಗ್ಲಿಷಲ್ಲೇ ಆಗ್ಬೇಕು, ಓದು ಮುಗಿದ್ಮೇಲೆ ಆ ದೇಶದಲ್ಲೇ ಅಲ್ಲಿನವರ ಹಾಗೆ ಪ್ರಾಕ್ಟೀಸ್ ಮಾಡೋಕೆ ಲೈಸೆನ್ಸ್ ಸಿಗೋ ಡಿಗ್ರಿ ಆಗಿರ್ಬೇಕು. ಇದ್ರಲ್ಲಿ ಒಂದು ತಪ್ಪಿದ್ರೂ ಇಲ್ಲಿ ರಿಜಿಸ್ಟ್ರೇಷನ್ ಆಗಲ್ಲ. ಆರು ವರ್ಷದ ಕೋರ್ಸ್ ಅಂತ ಹೇಳಿದ್ರೆ ಸಾಲದು, ಇಂಟರ್ನ್‌ಶಿಪ್ ಅದ್ರಲ್ಲಿ ಹೇಗೆ ಸೇರಿದೆ ಅಂತ ಯೂನಿವರ್ಸಿಟಿಯಿಂದಲೇ ಬರಹದಲ್ಲಿ ತಗೊಳ್ಳಿ, ಏಜೆಂಟ್ ಮಾತು ಬೇಡ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ: ಪಾಠ ಇಂಗ್ಲಿಷಲ್ಲಿದ್ರೂ ವಾರ್ಡಲ್ಲಿ ಪೇಷೆಂಟ್ ಮಾತಾಡೋದು ರಷ್ಯನ್ನು ಅಥವಾ ಜಾರ್ಜಿಯನ್ನು. ಎದೆ ನೋವು ಎಲ್ಲಿಂದ ಶುರುವಾಯ್ತು ಅಂತ ಕೇಳೋಕೆ ಬರದಿದ್ರೆ ಹುಡುಗಿ ಗೋಡೆಗೆ ಒರಗಿ ನಿಂತು ಡಾಕ್ಟರಾಗಲ್ಲ. ಭಾಷೆ ಚೆನ್ನಾಗಿ ಕಲಿಸೋ, ಮೂರನೇ ವರ್ಷದಿಂದ ಪೇಷೆಂಟ್ ಮುಟ್ಟಿಸೋ ಕಡೆಗೇ ನನ್ನ ಓಟು.

ವಾಪಸ್ ಬಂದ್ಮೇಲೆ ಎಫ್‌ಎಂಜಿಇ, ಅಂದ್ರೆ ವಿದೇಶದಲ್ಲಿ ಮೆಡಿಕಲ್ ಓದಿದವ್ರು ಇಲ್ಲಿ ಪಾಸಾಗ್ಬೇಕಾದ ಪರೀಕ್ಷೆ, 300ಕ್ಕೆ 150 ಬರ್ಬೇಕು, ತುಂಬಾ ಮಕ್ಕಳು ಇಲ್ಲೇ ಸಿಕ್ಕಾಕೊಳ್ತಾರೆ. ಆಮೇಲೆ ಇಲ್ಲೂ ಒಂದು ವರ್ಷ ಇಂಟರ್ನ್‌ಶಿಪ್. ಹಂಗಾಗಿ ಆರಲ್ಲ, ಏಳೆಂಟು ವರ್ಷದ ಖರ್ಚು ಅಂತ ಲೆಕ್ಕ ಹಾಕಿ, ತೋಟ ಅಡ ಇಡೋದಿದ್ರೆ ಈ ಲೆಕ್ಕ ಆದ್ಮೇಲೇ ಇಡಿ. ಅಲ್ಲಿ ಈಗ ಕೊನೇ ವರ್ಷದಲ್ಲಿರೋ ನಮ್ಮ ಕಡೆ ಮಕ್ಕಳ ಜೊತೆ ಮಗಳನ್ನೇ ಮಾತಾಡಿಸಿ.